ಭುಜಂಗನ ಡೆಪಾಸಿಟ್

ಕಳೆದ ತಿಂಗಳು ತೀರಿಕೊಂಡ ಭುಜಂಗನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾಯಿ ತೆರೆಯುವ ಮೊದಲೇ ಕಿವಿ ಕೆಂಪಾಗುತ್ತಿತ್ತು. ಅಂಥವನು ಒಂದೇ ಸುಳ್ಳನ್ನು ಎರಡು ವರ್ಷ ಸಾಕಿದ್ದ.

ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಅವನು ಸಂಬಳ ಬಟವಾಡೆಯ ಗುಮಾಸ್ತ. ೧೯೭೮ರ ಒಂದು ಬೆಳಿಗ್ಗೆ ಟಪಾಲು ಒಡೆದರೆ ಮಾರಾಟ ತೆರಿಗೆ ಕಚೇರಿಯ ಕಾಗದ. ನಿಮ್ಮಲ್ಲಿ ಕೆಲಸಕ್ಕಿರುವ ಭುಜಂಗ ಎಂಬವರು ಕಾಪುವಿನ ಪಾತ್ರೆ ಅಂಗಡಿಯ ತೆರಿಗೆ ಎರಡು ಸಾವಿರದ ನಾನೂರು ರೂಪಾಯಿ ಬಾಕಿ ಇಟ್ಟಿದ್ದಾರೆ, ಅವರ ಸಂಬಳದಿಂದ ತಿಂಗಳಿಗೆ ನೂರರಂತೆ ಹಿಡಿದು ಕಟ್ಟತಕ್ಕದ್ದು. ಹಿಡಿಯಬೇಕಾದ ಗುಮಾಸ್ತನೂ ಅವನೇ, ಹಿಡಿಸಿಕೊಳ್ಳಬೇಕಾದವನೂ ಅವನೇ.

ಮ್ಯಾನೇಜರ್ ವಾಸು ನಕ್ಕರು. "ಎಂತ ಮಾರಾಯ, ನೀನು ಅಂಗಡಿಯ ಧಣಿ ಆದದ್ದು ಯಾವಾಗ?"

ಅಂಗಡಿ ಭೋಜ ಮಾವನದು, ಅಂದರೆ ಅವನ ತಾಯಿ ಕುಶಲಾಳ ಅಣ್ಣನದು. ಅಳಿಯಕಟ್ಟಿನ ಮನೆ, ಮಾವ ಗಳಿಸಿದ್ದು ಸೋದರಳಿಯನಿಗೆ. ಹೇಗೂ ನಾಳೆ ಅವನದೇ ಅಲ್ವಾ ಎಂದು, ಭುಜಂಗನಿಗೆ ಹದಿನೆಂಟು ತುಂಬಿದ್ದೇ ತಡ, ಮಾವ ಲೈಸೆನ್ಸನ್ನು ಅವನ ಹೆಸರಿಗೆ ಮಾಡಿಸಿದ್ದರು. ಪ್ರೀತಿಯಿಂದಲೇ. ಬಂದ ನೋಟೀಸುಗಳಲ್ಲಿ ಚಮಚ ಸುತ್ತಿ ಗಿರಾಕಿಗಳಿಗೆ ಕೊಟ್ಟರು. ಆಮೇಲೆ ಅಂಗಡಿ ಮುಳುಗಿತು, ತೆರಿಗೆ ತೇಲಿಕೊಂಡು ಬಂತು.

ಈಗ ಮಾವ ತಂಗಿಯ ಮನೆಯಲ್ಲೇ ಇದ್ದರು. ಊಟಕ್ಕೆ ಮೊದಲ ಮಣೆ ಇನ್ನೂ ಅವರದು. ತನ್ನ ಬಾಕಿಯನ್ನು ಅಳಿಯ ತೀರಿಸುತ್ತಿದ್ದಾನೆಂದು ಗೊತ್ತಾದರೆ ಆ ಮಣೆಯ ಮೇಲೆ ಮತ್ತೆ ಕೂರುವ ಜನವಲ್ಲ. ಚೀಲ ಹಿಡಿದು ಬೊಂಬಾಯಿ ಬಸ್ಸು ಹತ್ತುವವರು. ಭುಜಂಗನಿಗಿದ್ದ ಹೆದರಿಕೆ ಅದೊಂದೇ.

"ಕ್ಯಾಶ್ ಮುಟ್ಟುವವರಿಂದ ತಿಂಗಳಿಗೆ ನೂರು ಡೆಪಾಸಿಟ್ ಹಿಡಿಯುತ್ತಾರೆ," ಎಂದು ಮನೆಯಲ್ಲಿ ಹೇಳಿದ. ಕಿವಿ ಕಾಣದಂತೆ ಮಂಡೆಗೆ ಬೈರಾಸು ಸುತ್ತಿಕೊಂಡಿದ್ದ.

ಬಟ್ಟಲಿಗೆ ಬೀಳುತ್ತಿದ್ದ ಎರಡು ಬಂಗುಡೆ ಮೀನು ಒಂದಾಯಿತು. ಮಾವ ಸಿಡುಕಿದರು. "ಇದು ಎಂತ ಕೆಲಸ? ನನ್ನ ಅಂಗಡಿಯಲ್ಲಿ ಗುಡಿಸುವವಳೂ ಎರಡು ಬಂಗುಡೆ ತಿನ್ನುತ್ತಿದ್ದಳು!"

"ಹೌದು ಮಾವ," ಎಂದು ಭುಜಂಗ ಗಂಜಿ ಉಂಡ. ಹೀಗೇ ಹದಿನಾಲ್ಕು ತಿಂಗಳು.

ಹದಿನೈದನೆಯ ತಿಂಗಳು ಮಾವನಿಗೆ ತಡೆಯಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಕಾರ್ಕಳದ ಬಸ್ಸು ಹತ್ತಿದರು. ಅಳಿಯ ಬ್ಯಾಂಕಿಗೆ ಹೋಗಿದ್ದ ಹೊತ್ತು. "ನನ್ನ ಹುಡುಗನ ಡೆಪಾಸಿಟ್ ಎಷ್ಟು ವರ್ಷ ಹಿಡಿಯುತ್ತೀರಿ?" ಎಂದು ಮೇಜು ಕುಟ್ಟಿದರು. ಯಾವ ಡೆಪಾಸಿಟ್ ಎಂದು ತಿಳಿಯದ ವಾಸು, ಸಂಬಳದ ಪಟ್ಟಿಯನ್ನೇ ತಿರುಗಿಸಿ ತೋರಿಸಿದರು. ಮಾವ ಅದನ್ನು ಎರಡು ಸಲ ಓದಿ, ಕೊಟ್ಟ ಚಹಾ ಕುಡಿಯದೆ ಎದ್ದುಹೋದರು.

ವಿಷಯ ತಿಳಿದ ಭುಜಂಗ ಮನೆಗೆ ಓಡಿದ. ಮೊದಲು ನೋಡಿದ್ದು ಮಾವನ ಚೀಲವನ್ನು. ಗೂಟದಲ್ಲೇ ಇತ್ತು. ಮಾವ ಮಣೆಯ ಮೇಲೆ ಉಣ್ಣುತ್ತ ಕೂತಿದ್ದರು.

"ಮನೆಯಲ್ಲಿ ಕೂತು ಬೇಜಾರು ಮಾರಾಯ. ಉಡುಪಿಯಲ್ಲಿ ನಮ್ಮ ಜಮಾಲನ ಪಾತ್ರೆ ಅಂಗಡಿ ಉಂಟಲ್ಲ, ನಾಳೆಯಿಂದ ಅಲ್ಲಿಗೆ ಹೋಗುತ್ತೇನೆ. ಸಂಬಳಕ್ಕಲ್ಲ, ಹೊತ್ತು ಹೋಗಲಿಕ್ಕೆ."

ಅರುವತ್ತೆರಡು ದಾಟಿದ್ದ ಮಾವ, ಒಂದು ಲೋಟಕ್ಕೆ ಬಂದವರ ಕೈಯಲ್ಲಿ ಕೊಪ್ಪರಿಗೆ ಹೊರಿಸಿ ಕಳಿಸುತ್ತಿದ್ದರಂತೆ. ತಿಂಗಳ ಕೊನೆಗೆ ತಂಗಿಯ ಕೈಗೆ ನೂರು ರೂಪಾಯಿ ಇಟ್ಟರು. "ಮೀನಿಗೆ."

"ಸಂಬಳಕ್ಕಲ್ಲ ಅಂದಿರಲ್ಲ ಅಣ್ಣ?"

"ಜಮಾಲ ಕಿಸೆಗೆ ತುರುಕಿದ. ಎಂತ ಮಾಡುವುದು?"

ಪ್ರತಿ ತಿಂಗಳೂ ಸರಿಯಾಗಿ ನೂರು. ಭುಜಂಗ ತಲೆ ಎತ್ತದೆ ಎರಡನೆಯ ಬಂಗುಡೆ ತಿಂದ.

ಇಪ್ಪತ್ತನಾಲ್ಕು ಕಂತು ಮುಗಿದ ಮೇಲೆ ಅವನು ಪೂರ್ತಿ ಸಂಬಳ ತಂದ ದಿನ, ಮಾವ ಮುಳ್ಳು ಬಿಡಿಸುತ್ತ ಕೇಳಿದರು. "ಡೆಪಾಸಿಟ್ ಮುಗಿಯಿತಾ?"

"ಮುಗಿಯಿತು ಮಾವ."

"ವಾಪಸು ಯಾವಾಗ ಕೊಡುತ್ತಾರಂತೆ?"

"ಆಗಲೇ ಬಂತು ಮಾವ."

ಅಂದು ಅವನ ಕಿವಿ ಕೆಂಪಾಗಿರಲಿಲ್ಲ ಎಂದು, ಮೊನ್ನೆ ಅವನ ಉತ್ತರಕ್ರಿಯೆಯ ದಿನ ಬೊಜ್ಜದ ಊಟದ ಎಲೆಗೆ ಬಡಿಸುತ್ತ, ಅವನ ಮುದಿ ತಾಯಿ ಕುಶಲಮ್ಮ ಹೇಳಿದರು.