ಗದ್ದುಗೆಯ ಮೇಲಿಟ್ಟ ಸರಪಳಿ

ಗೆಳೆಯರೇ, ಇವತ್ತು ಉದಗೀರದಲ್ಲಿ ನನ್ನ ಫಟಫಟಿಯನ್ನು ಕಟ್ಟಿಹಾಕುವ ಸರಪಳಿ, ಬೀಗ ಎರಡೂ ಹೋದವು. ಕಳ್ಳರು ಒಯ್ದದ್ದಲ್ಲ.

ಪೊಲೀಸ್ ಆ್ಯಕ್ಷನ್ ಆದಮೇಲೆ ಮಿಲಿಟರಿಯವರ ಹರಾಜಿನಲ್ಲಿ ಕೊಂಡ ಮೂರು ಗಾಲಿಯ ಮೋಟಾರು ಗಾಡಿ ಅದು. ಜಳಕೋಟದ ಸಂತೆಗೆ ಅರಿವೆಯ ಗಂಟು ಒಯ್ಯುವುದು ಅದರಲ್ಲೇ, ಹೊಟ್ಟೆಪಾಡು ಅದರಿಂದಲೇ. ಹೋದ ವಾರ ಸಂತೆಯಲ್ಲಿ ಯಾರೋ ಅದನ್ನು ತಳ್ಳಿಕೊಂಡು ಹೊರಟೇಬಿಟ್ಟಿದ್ದರು. ಅಂದಿನಿಂದ ಎಲ್ಲಿ ನಿಲ್ಲಿಸಿದರೂ ಕಟ್ಟಿಹಾಕುತ್ತೇನೆ.

ಇವತ್ತು ಮಠದ ಅಂಗಳದಲ್ಲಿ ಬೇವಿನ ಗಿಡಕ್ಕೆ ಕಟ್ಟುತ್ತಿದ್ದೆ. ಮಠದ ವ್ಯವಹಾರ ನೋಡಿಕೊಳ್ಳುವ ಕಾರಭಾರಿ ಓಡಿ ಬಂದರು.

"ಏನ್ರೀ ಇದು? ಮಠದಾಗ ಕೀಲಿ ಹಾಕ್ತೀರಿ? ಇಲ್ಲಿ ಕಳ್ಳರು ಇದ್ದಾರೇನ್ರೀ?"

ನಾಚಿಕೆಯಾಯಿತು. ಸರಪಳಿ ಬಿಚ್ಚಿಕೊಂಡು ಒಳಗೆ ಹೋದೆ. ಅಡ್ಡಬೀಳಲು ಕೈ ಖಾಲಿ ಬೇಕಲ್ಲ, ಸರಪಳಿ, ಬೀಗ, ಕೀಲಿಕೈ ಎಲ್ಲ ಗುರುವಿನ ಗದ್ದುಗೆಯ ಅಂಚಿನ ಮೇಲಿಟ್ಟೆ. ಅಷ್ಟರಲ್ಲಿ ಪ್ರಸಾದಕ್ಕೆ ಕರೆದರು, ಹಾಗೇ ಮರೆತು ಹೋಗಿ ಕೂತೆ. ಉಂಡು ಬಂದು ನೋಡಿದರೆ ನನ್ನ ಸರಪಳಿ ಉಗ್ರಾಣದ ಬಾಗಿಲಿಗೆ ಸುತ್ತಿಕೊಂಡಿದೆ, ನನ್ನದೇ ಬೀಗ ಅದರಲ್ಲಿ ತೂಗುತ್ತಿದೆ.

"ಕಾಕಾ, ಅದು ನಂದು ಅದರೀ" ಎಂದೆ.

"ಗದ್ದಿಗಿ ಮ್ಯಾಲ ಇಟ್ಟದ್ದು ಗುರುವಿಂದು. ತಿರುಗಿ ಬೇಡಬಾರದು" ಎಂದರು ಕಾರಭಾರಿ.

"ಕಳ್ಳರೇ ಇಲ್ಲದ ಮಠಕ್ಕ ಕೀಲಿ ಯಾಕ್ರೀ?"

ಕಾರಭಾರಿ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತ ನನಗೇ ಬುದ್ಧಿ ಹೇಳಿದರು:

"ಭಾರೀ ಗಟ್ಟಿ ಅದ. ಗಾಡಿಗೂ ಇಂಥಾದ್ದೇ ಒಂದು ತಗೋರಿ. ದಿನಮಾನ ಛಲೋ ಇಲ್ಲ."