‘ಆರಾಮ’ ಎಂಬ ಮಾತು

ಸಂಶಿಯಲ್ಲಿ ನಮ್ಮ ಓಣಿಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಯಾರನ್ನೂ ‘ಆರಾಮ ಅದೀರೇನ್ರಿ?’ ಎಂದು ಕೇಳುತ್ತಿರಲಿಲ್ಲ. ನಮ್ಮ ಕಡೆ ಮಾತು ಶುರುವಾಗುವುದೇ ಆ ಪ್ರಶ್ನೆಯಿಂದ. ಆಕೆ ಮಾತ್ರ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತು, ಬಿ.ಪಿ. ಮಷಿನ್ನಿನ ಪಟ್ಟಿಯನ್ನು ತೊಡೆಯ ಮೇಲೆ ನೀವುತ್ತ ‘ತೋಳು ಕೊಡ್ರಿ’ ಎನ್ನುತ್ತಿದ್ದಳು. ಸೆರಗಿನಿಂದ ಬೆವರು ಒರೆಸಿಕೊಳ್ಳುವುದು ಆಮೇಲೆ.

ನಮ್ಮ ಕಾಕಾ ಬಿ.ಪಿ. ಗುಳಿಗೆ ಬಿಟ್ಟುಬಿಟ್ಟಿದ್ದರು. ಆಕೆ ಕೇಳಿದಾಗ, ‘ಅಗದಿ ಆರಾಮ ಅದೀನವ್ವಾ. ಆರಾಮ ಇದ್ದಾಂವಗ ಗುಳಿಗಿ ಯಾಕ?’ ಎಂದು ನಕ್ಕರು.

‘ಬಿ.ಪಿ. ಹೇಳಿ ಕೇಳಿ ಬರೂದಿಲ್ರಿ ಕಾಕಾ. ಆರಾಮ ಇದ್ದಾಗನ ತಗೋಬೇಕು,’ ಎಂದಳು. ಆಕೆ ನಗಲಿಲ್ಲ.

ಸುಗ್ಗಿಯ ಹೊತ್ತಿಗೆ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ. ನೋಡಲು ಬಂದವರು ರೂಢಿಯಂತೆ ‘ಆರಾಮ ಅದೀರಿ?’ ಎಂದುಬಿಡುತ್ತಿದ್ದರು. ಕಾಕಾ ವಾರೆಯಾದ ಬಾಯಿಂದ ‘ಆರಾಮ’ ಎನ್ನುತ್ತಿದ್ದರು. ಕೇಳಿದವರು ತಲೆ ತಗ್ಗಿಸುತ್ತಿದ್ದರು.

ಆಕೆಯೂ ಬಂದಳು. ಏನೂ ಕೇಳಲಿಲ್ಲ. ಕಾಕಾನ ಎಡತೋಳಿಗೆ ಪಟ್ಟಿ ಸುತ್ತಿ, ನೋಡಿ, ಬಿಚ್ಚಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಕಾಕಿಯತ್ತ ತಿರುಗಿದಳು.

‘ಕಾಕಿ, ತೋಳು ಕೊಡ್ರಿ.’

‘ನನಗೇನ ಆಗೇತವ್ವಾ? ನಾ ಅಗದಿ ಆ...’

ಕಾಕಿ ಹಾಸಿಗೆಯ ಕಡೆ ನೋಡಿದರು. ಕುಬಸದ ತೋಳನ್ನು ಮೇಲೆ ಸರಿಸಿ, ಬಂದು ಆಕೆಯ ಮುಂದೆ ಕುಳಿತು ಕೈ ಚಾಚಿದರು.