ರೀ ಎಂಬ ಆಟಗಾರ

ಕಳೆದ ಶನಿವಾರ ಇಲ್ಲಿ ಅಮೆರಿಕದ ಡುಲುತ್‌ನ ಇಂಡಿಯನ್ ಅಂಗಡಿಯಲ್ಲಿ ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ದಷ್ಟಪುಷ್ಟ ಯುವಕನ ಭುಜದಿಂದ ನೋವಿನ ಮುಲಾಮಿನ ವಾಸನೆ ಬಂತು. ಕರ್ಪೂರವೂ ಅಲ್ಲ, ನೀಲಗಿರಿ ಎಣ್ಣೆಯೂ ಅಲ್ಲ. ಮೂಗಿನೊಳಗೆ ತಣ್ಣಗೆ ಇಳಿದು ಆಮೇಲೆ ಉರಿಯುವಂಥದ್ದು. ಬೇರೆ ಯಾರಿಗಾದರೂ ಅದು ಬೆನ್ನುನೋವನ್ನು ನೆನಪಿಸೀತು. ನನಗೆ ನೆನಪಾದದ್ದು ಒಂದು ಮೈದಾನ. ಕರಿಬೇವು, ತೊಂಡೆಕಾಯಿ ಎಲ್ಲವನ್ನೂ ಬುಟ್ಟಿಯಲ್ಲೇ ಬಿಟ್ಟು, ಸಾಲಿನಿಂದ ಆಚೆ ಬಂದು ಕಾರಿನಲ್ಲಿ ಕೂತೆ. ಇಷ್ಟು ವರ್ಷವಾದ ಮೇಲೂ!

ನಾನು ಮೊದಲಿನಿಂದಲೂ ಪುಕ್ಕಲು. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ಅನುಕೂಲ. ಎಲಿವೇಟರಿನ ಬಾಗಿಲು ಮುಚ್ಚುವಾಗ ಕಣ್ಣು ಮುಚ್ಚಿಕೊಳ್ಳುವವಳು ನಾನು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬಂದದ್ದಕ್ಕೆ ಲೆಕ್ಕವಿಲ್ಲ. ಇಂಥವಳು ತೊಂಬತ್ತರ ದಶಕದ ಕೊನೆಯ ಎಷ್ಟೋ ಶನಿವಾರಗಳನ್ನು, ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುವ ಮೈದಾನದ ಅಂಚಿನಲ್ಲಿ ಕಳೆದಳು ಎಂದರೆ ನನ್ನ ತಂಗಿಯೇ ನಂಬುವುದಿಲ್ಲ. ನೀವು ಹೇಗೆ ನಂಬುತ್ತೀರಿ?

ಆಗ ನಾವು ಇಲ್ಲೇ ಪಕ್ಕದ ನಾರ್‌ಕ್ರಾಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಕಂಪನಿಯ ವೀಸಾದ ಮೇಲೆ ಬಂದಿದ್ದರು. ನಾನು ಆ ವೀಸಾದ ಬಾಲ ಹಿಡಿದು ಬಂದಿದ್ದೆ. ನನಗೆ ಕೆಲಸ ಮಾಡುವ ಹಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಹಗಲು ಫೋನ್ ಹೊಡೆದುಕೊಂಡರೆ ಯಾರೋ ಏನೋ ಮಾರಲು ಮಾಡುತ್ತಿದ್ದರು ಅಷ್ಟೇ, ಆದರೂ ಎತ್ತುವಷ್ಟರಲ್ಲಿ ನನ್ನ ಮನಸ್ಸು ಆಸ್ಪತ್ರೆಗೆ ಹೋಗಿ ಬಂದಿರುತ್ತಿತ್ತು. ಅವರಿಗೇನಾದರೂ ಆದರೆ ಆ ಊರಿನಲ್ಲಿ ನಾನು ಯಾರು? ಬಸ್ಸು ಕೂಡ ಸರಿಯಾಗಿಲ್ಲದ ಆ ರಸ್ತೆಗಳಲ್ಲಿ ಯಾವ ಕಡೆ ನಡೆದುಕೊಂಡು ಹೋಗಲಿ? ಈ ಯೋಚನೆಯ ಜೊತೆಗೇ ನಾನು ಬೇಳೆ ತೊಳೆಯುತ್ತಿದ್ದೆ, ಬಟ್ಟೆ ಮಡಿಸುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಅವರು ಷೂ ಬಿಚ್ಚುತ್ತಾ, "ಶನಿವಾರ ಗ್ರೌಂಡಿಗೆ ಹೋಗ್ಬೇಕು ಕಣೆ. ಡೇವ್ ಟೀಮಲ್ಲಿ ಜನ ಸಾಲ್ತಾ ಇಲ್ವಂತೆ," ಎಂದರು. ಡೇವ್ ಅವರ ಆಫೀಸಿನಲ್ಲಿದ್ದ ಆಸ್ಟ್ರೇಲಿಯಾದವನು.

"ಯಾವ ಆಟ ರೀ?"

"ರಗ್ಬಿ ಲೀಗ್ ಅಂತ. ನಾನು ಕಾಲೇಜಲ್ಲಿ ಕಬಡ್ಡಿ ಆಡ್ತಿದ್ದೆ ಅಂದೆ. ಹಂಗಾದ್ರೆ ಟ್ಯಾಕಲ್ ಮಾಡೋಕೆ ಬರುತ್ತೆ ಬಾ ಅಂದ. ನಮ್ ಕಬಡ್ಡಿ ತರಾನೇ ಕಣೆ, ಮಧ್ಯೆ ಒಂದು ಚೆಂಡಿರುತ್ತೆ ಅಷ್ಟೇ."

ಅಷ್ಟೇ ಅಲ್ಲ ಎಂದು ಮೊದಲ ಶನಿವಾರವೇ ಗೊತ್ತಾಯಿತು. ಕಬಡ್ಡಿಯಲ್ಲಿ ಹಿಡಿದರೆ ಔಟ್, ಕೂತುಕೋ. ಇಲ್ಲಿ ಚೆಂಡು ಹಿಡಿದು ಓಡುವವನನ್ನು ಎದುರಿನವರು ಇಬ್ಬರೋ ಮೂವರೋ ಸೇರಿ ಕೆಡವುತ್ತಾರೆ. ಬಿದ್ದವನು ತಾನೇ ಎದ್ದು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹಿಂದಿನವನು ಅದನ್ನೆತ್ತಿಕೊಂಡು ಮತ್ತೆ ಓಡುತ್ತಾನೆ, ಮತ್ತೆ ಬೀಳುತ್ತಾನೆ. ಆರು ಸಲ ಬಿದ್ದರೆ ಚೆಂಡು ಎದುರಾಳಿಗೆ. ಎಲ್ಲರೂ ಚೆಂಡನ್ನು ನೋಡುತ್ತಿದ್ದರು, ನಾನು ಆ ಕಾಲನ್ನು ನೋಡುತ್ತಿದ್ದೆ. ನಮ್ಮವರು ಬಿದ್ದಾಗ ನಿಂತ ನನ್ನ ಉಸಿರು, ಅವರೆದ್ದು ಆ ಕಾಲು ಚೆಂಡನ್ನು ಹಿಂದಕ್ಕೆ ತಳ್ಳಿದಾಗ ಮತ್ತೆ ಶುರುವಾಗುತ್ತಿತ್ತು.

ಆ ಕ್ಲಬ್ಬಿನ ಬಗ್ಗೆ ಏನು ಹೇಳಲಿ? ಊರಿನ ಪಾರ್ಕಿನಲ್ಲಿ ಸಾಕರ್ ಆಡುವವರು ಖಾಲಿ ಮಾಡಿದ ಮೇಲೆ ಸಿಗುತ್ತಿದ್ದ ಮೈದಾನ. ನೋಡಲು ಬರುವವರಿಗಿಂತ ಆಡುವವರೇ ಹೆಚ್ಚು. ಅಂಚಿನಲ್ಲಿ ನಾನು, ಡೇವ್‌ನ ಹುಡುಗಿ, ಆಟಗಾರರ ಅಪ್ಪನೋ ಅಣ್ಣನೋ ಕೆಲವರು, ಒಂದು ಕಂದು ನಾಯಿ, ಮತ್ತು ಮಡಚುವ ಕುರ್ಚಿಯಲ್ಲಿ ಹ್ಯಾರಿ. ಹ್ಯಾರಿ ಇಂಗ್ಲೆಂಡಿನ ಉತ್ತರ ಭಾಗದ ಮುದುಕ, ಮಗಳ ಜೊತೆ ಇರಲು ಬಂದವನು. ನಾನು ಅಭ್ಯಾಸಬಲದಿಂದ ಹ್ಯಾರಿ ಅಂಕಲ್ ಎಂದು ಕರೆದೆ, ಅವನಿಗೂ ಹಿತವೆನಿಸಿರಬೇಕು. ವಾಕಿಂಗ್ ಬಂದವರು ಯಾರಾದರೂ ನಿಂತು, "ಇದು ರಗ್ಬಿಯಾ?" ಎಂದು ಕೇಳಿದರೆ ಅವನು ಸಿಡುಕಿ, "ಲೀಗ್! ರಗ್ಬಿ ಲೀಗ್!" ಎನ್ನುತ್ತಿದ್ದ. ಅವರು ತಲೆಯಾಡಿಸಿ ಮುಂದೆ ನಡೆಯುತ್ತಿದ್ದರು. ಒಬ್ಬ ಪ್ರೇಕ್ಷಕ ಕೈತಪ್ಪಿದ್ದಕ್ಕೆ ಹ್ಯಾರಿ ಅಂಕಲ್ ಒಂದು ಗಳಿಗೆ ಪೆಚ್ಚಾಗಿ ಕೂತಿರುತ್ತಿದ್ದ. ನಾನೊಂದು ವಾರ ತಪ್ಪಿಸಿಕೊಂಡಿದ್ದರೂ ಜನ ಕಡಿಮೆಯಾದದ್ದು ಮೈದಾನದ ಆ ತುದಿಗೂ ಕಾಣುತ್ತಿತ್ತು.

ಆದರೆ ನಾನು ಒಂದು ವಾರವೂ ತಪ್ಪಿಸಲಿಲ್ಲ. ಅದು ಕ್ಲಬ್ಬಿನ ಮೇಲಿನ ಪ್ರೀತಿ ಎಂದು ಡೇವ್ ತಿಳಿದಿದ್ದ. ನಿಜ ಏನೆಂದರೆ, ನಾನು ನೋಡುತ್ತಾ ಇರುವಷ್ಟು ಹೊತ್ತು ಅವರಿಗೇನೂ ಆಗುವುದಿಲ್ಲ ಎಂದು ನನ್ನೊಳಗೆ ಕೂತುಬಿಟ್ಟಿತ್ತು. ಕಣ್ಣು ಕೂಡ ಎರಡನ್ನೂ ಒಟ್ಟಿಗೆ ಮಿಟುಕಿಸಬಾರದು ಎನ್ನುವಷ್ಟು. ನಗಬೇಡಿ, ನೀವೂ ನಿಮ್ಮ ಮನೆಯವರ ವಿಮಾನ ಇಳಿಯುವವರೆಗೆ ಎದ್ದು ಕೂತಿಲ್ಲವೇ?

ಈಗ ಹೆಸರಿನ ವಿಷಯ. ಇಷ್ಟು ಹೊತ್ತು ನಮ್ಮವರು, ಅವರು ಎನ್ನುತ್ತಿದ್ದೇನೆಯೇ ಹೊರತು ಹೆಸರು ಹೇಳಿಲ್ಲ, ಗಮನಿಸಿರಬಹುದು. ಆಗ ನಾನು ಹೇಳುತ್ತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದಷ್ಟೂ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನನ್ನ ಅಜ್ಜಿ ಹೇಳಿಕೊಟ್ಟಿದ್ದರು. ಬಿ.ಎಸ್ಸಿ. ಓದಿದವಳು ನಾನು, ನಂಬುತ್ತಿದ್ದೆ ಎಂದಲ್ಲ. ಆದರೆ ಅದು ಸುಳ್ಳೆಂದು ಪರೀಕ್ಷಿಸಿ ನೋಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ನಮ್ಮ ಕಡೆಯ ಎಲ್ಲ ಹೆಂಗಸರ ಹಾಗೆ ನನಗಿದ್ದದ್ದು ಒಂದೇ ಅಕ್ಷರ: ರೀ.

ಮೊದಲ ಪಂದ್ಯದಲ್ಲಿ ಅವರು ಬಿದ್ದಾಗ ನಾನು "ರೀ! ರೀ!" ಎಂದು ಚೀರಿದ್ದೆ. ಆಫೀಸಿನ ಹೆಸರು ಉದ್ದವಾಯಿತು, ಮನೆಯಲ್ಲಿ ಕರೆಯುವ ಹೆಸರು ಇದೇ ಇರಬೇಕು ಎಂದುಕೊಂಡ ಡೇವ್. ಮುಂದಿನ ವಾರದಿಂದ ಇಡೀ ತಂಡಕ್ಕೆ ಅವರು ರೀ. "ಪಾಸ್ ಇಟ್, ರೀ!" "ಗುಡ್ ಟ್ಯಾಕಲ್, ರೀ!" ಹ್ಯಾರಿ ಅಂಕಲ್ ಕುರ್ಚಿಯಿಂದೆದ್ದು "ಕಮಾನ್, ರೀ!" ಎಂದು ಕೂಗುತ್ತಿದ್ದ. ಗಡ್ಡ ಬಿಟ್ಟ ಹತ್ತಾರು ಗಂಡಸರು ನನ್ನ ಗಂಡನನ್ನು ಹೆಂಡತಿಯ ಹಾಗೆ ಕರೆಯುವುದನ್ನು ಕೇಳಿ ನನಗೆ ಮೊದಮೊದಲು ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನಿಸುತ್ತಿತ್ತು. ನನಗೂ ಮಿಸೆಸ್ ರೀ ಎಂಬ ಬಿರುದು ಬಂತು. ನಮ್ಮವರಂತೂ, "ಬಿಡೇ, ಅರ್ಥ ಹೇಳಿದ್ರೆ ಇನ್ನೂ ಜಾಸ್ತಿ ಆಡ್ಕೋತಾರೆ," ಎಂದು ನಕ್ಕು ಸುಮ್ಮನಾದರು.

ಆ ವರ್ಷದ ಕೊನೆಗೆ ಕ್ಯಾರೊಲೈನಾದ ಒಂದು ತಂಡ ಬಂತು. ಅದಕ್ಕೆ ಮುಂಚೆ ನಮ್ಮ ಕ್ಲಬ್ಬಿಗೆ ಜನ ಸೇರದೆ ಪಂದ್ಯಗಳು ರದ್ದಾಗಿದ್ದವು. ಇನ್ನೊಂದು ಪಂದ್ಯ ಹಾಗೆ ನಿಂತರೆ ಕ್ಲಬ್ಬನ್ನೇ ಕೈಬಿಡುತ್ತೇವೆ ಎಂದು ಪಂದ್ಯ ನಡೆಸುವವರು ಹೇಳಿಕಳಿಸಿದ್ದರು. ಅವತ್ತು ನಮಗೆ ಆಟಕ್ಕೆ ಬೇಕಾದ ಹದಿಮೂರೇ ಜನ, ಬದಲಿಗೆ ಒಬ್ಬನೂ ಇಲ್ಲ. ಬೆಳಿಗ್ಗೆ ಡೇವ್ ಎಲ್ಲರಿಗೂ ಆ ಮುಲಾಮು ಹಚ್ಚುತ್ತಾ ಓಡಾಡುತ್ತಿದ್ದ. ಮೈದಾನವೆಲ್ಲ ಅದೇ ವಾಸನೆ.

ಆಟದ ಮಧ್ಯೆ ನಮ್ಮವರು ಚೆಂಡು ಹಿಡಿದು ಓಡಿದರು. ಎಡಗಡೆಯಿಂದ ಒಬ್ಬ, ಬಲಗಡೆಯಿಂದ ಒಬ್ಬ. ಯಾರದೋ ಭುಜಕ್ಕೆ ಅವರ ತಲೆ ಬಡಿದ ಸದ್ದು ಅಂಚಿನವರೆಗೂ ಕೇಳಿಸಿತು. ನಾನು ನೋಡುತ್ತಲೇ ಇದ್ದೆ. ನೋಡುತ್ತಿದ್ದರೂ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲೇ. ಚೆಂಡು ಎತ್ತಲೋ ಉರುಳಿಹೋಯಿತು. ಆ ಕಾಲು ಅಲುಗಲಿಲ್ಲ.

ಎಲ್ಲರೂ ಸುತ್ತ ನೆರೆದರು. "ರೀ! ಆರ್ ಯು ಓಕೆ, ರೀ?" ಎಂದು ಎಲ್ಲ ಕಡೆಯಿಂದ ಕೂಗು. ನನ್ನ ಗಂಟಲಿನಿಂದ ಬಂದ ರೀ ಅದರೊಳಗೆ ಎಲ್ಲಿ ಮುಳುಗಿತೋ. ಸ್ವಲ್ಪ ಹೊತ್ತಿಗೆ ಅವರು ಎದ್ದು ಕೂತರು, ಆಮೇಲೆ ನಿಂತರು. ರೆಫರಿ ಬಗ್ಗಿ ಕಣ್ಣು ನೋಡಿ, ನಿನ್ನ ಹೆಸರೇನು ಎಂದು ಕೇಳಿದ.

"ರೀ," ಎಂದರು ನಮ್ಮವರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಡೇವ್ ಬೆನ್ನು ಸವರಿದ. ಹ್ಯಾರಿ ಅಂಕಲ್ ನನ್ನ ಕಡೆ ತಿರುಗಿ, "ಹೀ ಈಸ್ ಫೈನ್, ಲವ್," ಎಂದ. ಹೆಸರು ಗೊತ್ತಿದೆ, ಅಂದಮೇಲೆ ತಲೆ ನೆಟ್ಟಗಿದೆ. ಆಟ ಮುಂದುವರಿಸಲು ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೊರಟರು.

ನೀವೇ ಹೇಳಿ, ಬುದ್ಧಿ ಸ್ವಾಧೀನದಲ್ಲಿರುವ ಯಾವ ಕನ್ನಡದ ಗಂಡಸು ತನ್ನ ಹೆಸರು ರೀ ಎನ್ನುತ್ತಾನೆ? ಸುತ್ತಲಿನವರು ಕೂಗಿದ್ದನ್ನೇ ಅವರು ವಾಪಸ್ ಕೊಟ್ಟಿದ್ದರು. ಅದು ಆ ಮೈದಾನದಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಇನ್ನೊಂದು ಸಲ ಯಾರಾದರೂ ಕೆಡವಿದರೆ? ನಾನು ಸುಣ್ಣದ ಗೆರೆ ದಾಟಿ ಒಳಗೆ ಹೋದೆ. ಅವರೆದುರು ನಿಂತು, "ರೀ, ನಾನ್ ಯಾರು ಹೇಳಿ?" ಎಂದೆ.

ಅವರು ನನ್ನನ್ನು ಬಹಳ ಮರ್ಯಾದೆಯಿಂದ ನೋಡಿದರು. "ಯಾರ್ ಬೇಕಿತ್ತು ನಿಮ್ಗೆ?" ಎಂದರು.

ನಿಮ್ಗೆ. ಮದುವೆಯಾದ ದಿನದಿಂದ ಕಣೆ, ಬಾರೆ, ಹೋಗೆ ಎಂದಲ್ಲದೆ ಬೇರೆ ಥರ ಕರೆಯದವರು, ಬಾಗಿಲಿಗೆ ಬಂದ ಅಪರಿಚಿತರಿಗೆ ಹೇಳುವ ಹಾಗೆ ನಿಮ್ಗೆ ಎಂದರು. ಅದರಷ್ಟು ಭಯಂಕರವಾದ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅಲ್ಲಿದ್ದ ಯಾರಿಗೆ ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲಿ? ನಾನು ಎರಡೂ ಕೈಯಿಂದ ಅವರ ಅಂಗಿ ಹಿಡಿದು, ಅಜ್ಜಿಯನ್ನೂ ಆಯುಸ್ಸನ್ನೂ ಬದಿಗಿಟ್ಟು, ಮೇಷ್ಟರು ಹಾಜರಿ ಕೂಗುವ ಹಾಗೆ ಕೂಗಿದೆ: "ವಿಶ್ವನಾಥ!"

ಅವರು ತಿರುಗಿ ಹಿಂದೆ ನೋಡಿದರು, ಬೇರೆ ಯಾರನ್ನೋ ಕರೆದೆ ಎನ್ನುವ ಹಾಗೆ.

"ಹಿಸ್ ನೇಮ್ ಈಸ್ ನಾಟ್ ರೀ," ಎಂದೆ ಡೇವ್‌ಗೆ. ಅಷ್ಟೇ ಹೇಳಲಾದದ್ದು. ಅವನ ಮುಖದ ಬಣ್ಣ ಇಳಿದುಹೋಯಿತು. ಕ್ಲಬ್ಬು ಉಳಿಯುತ್ತದೋ ಇಲ್ಲವೋ ಎಂದು ಅವನು ಒಂದು ಮಾತೂ ಆಡಲಿಲ್ಲ. ತಾನೇ ಅವರ ತೋಳು ಹಿಡಿದು ಹ್ಯಾರಿ ಅಂಕಲ್‌ನ ಕಾರಿನವರೆಗೆ ನಡೆಸಿಕೊಂಡು ಬಂದ.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ನಾನು ಆ ಹೆಸರನ್ನೇ ಹೇಳುತ್ತಾ ಹೋದೆ. ವಿಶ್ವನಾಥ, ವಿಶ್ವನಾಥ, ಮಲಗ್ಬೇಡಿ, ವಿಶ್ವನಾಥ. ಅಷ್ಟು ವರ್ಷ ಉಳಿಸಿಟ್ಟಿದ್ದೆಲ್ಲ ಒಂದೇ ದಿನ ಖರ್ಚಾಯಿತು. ಹ್ಯಾರಿ ಅಂಕಲ್ ಕಾರು ಓಡಿಸುತ್ತಿದ್ದ. ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪಕ್ಕದಿಂದ ಸಣ್ಣ ದನಿ ಬಂತು. "ಏನೇ ಅದು, ಹೆಸ್ರು ಹಿಡ್ದು ಕೂಗ್ತಿದೀಯ?"

ಕೂಗ್ತಿದೀಯ. ಕೂಗ್ತಿದೀರಿ ಅಲ್ಲ. ನಾನು ಅವರ ಮಣ್ಣು ಮೆತ್ತಿದ ತೋಳಿಗೆ ಮುಖ ಒತ್ತಿ ಅತ್ತುಬಿಟ್ಟೆ.

ಸ್ಕ್ಯಾನಿನಲ್ಲಿ ರಕ್ತಸ್ರಾವವೇನೂ ಕಾಣಲಿಲ್ಲ. ಇನ್ನು ಈ ಆಟ ಬೇಡ, ಕೆಲವು ದಿನ ಆಗಾಗ ಮಾತನಾಡಿಸಿ, ಹೆಸರು ಕೇಳಿ ಎಂದರು ಡಾಕ್ಟರು. ಸಂಜೆ ಡೇವ್ ಕೆಸರಿನ ಷೂನಲ್ಲೇ ಆಸ್ಪತ್ರೆಗೆ ಬಂದ. ಹನ್ನೆರಡೇ ಜನ ಕೊನೆಯವರೆಗೂ ಆಡಿದ್ದರು, ಚೆನ್ನಾಗಿಯೇ ಸೋತಿದ್ದರು. ಪಂದ್ಯ ಮುಗಿದದ್ದರಿಂದ ಕ್ಲಬ್ಬು ಆ ವರ್ಷಕ್ಕೆ ಉಳಿಯಿತು. ಆಮೇಲೆ ನಾವಿಬ್ಬರೂ ಅಂಚಿನಲ್ಲಿ ನಿಂತು ನೋಡುವವರಾದೆವು. ಅಂದರೆ ಪ್ರೇಕ್ಷಕರ ಸಂಖ್ಯೆ ಒಂದು ಹೆಚ್ಚಿತು, ಹ್ಯಾರಿ ಅಂಕಲ್‌ಗೆ ಅದೊಂದು ಖುಷಿ. ನಾನು ಯಾರು ಬಿದ್ದರೂ ಅವರ ಕಾಲನ್ನೇ ನೋಡುತ್ತಿದ್ದೆ. ಒಂದೆರಡು ವರ್ಷದಲ್ಲಿ ಕೆಲಸ ಬದಲಾಯಿಸಿ ಒಬ್ಬೊಬ್ಬರೇ ಬೇರೆ ಊರಿಗೆ ಹೋದರು, ಕ್ಲಬ್ಬು ಯಾರಿಗೂ ಹೇಳದೆ ನಿಂತುಹೋಯಿತು.

ಡಾಕ್ಟರು ಹೇಳಿದ್ದು ಕೆಲವು ದಿನ. ನಾನು ಇನ್ನೂ ನಿಲ್ಲಿಸಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯಿಂದ "ವಿಶ್ವನಾಥ!" ಎಂದು ಒಂದು ಸಲ ಕೂಗುತ್ತೇನೆ. ಉತ್ತರ ಬಂದ ಮೇಲೆಯೇ ಡಿಕಾಕ್ಷನ್ ಬಗ್ಗಿಸುವುದು. ನನ್ನ ನಾದಿನಿ ಮೈಸೂರಿನಿಂದ ಬಂದಿದ್ದಾಗ, "ಅತ್ಗೆ ಪೂರ್ತಿ ಅಮೆರಿಕನ್ ಆಗ್ಬಿಟ್ರು!" ಎಂದು ನಕ್ಕಿದ್ದಳು. ಆಗಲಿ ಎಂದು ನಾನೂ ನಕ್ಕೆ. ಇದು ಪರೀಕ್ಷೆ ಎಂದು ಅವಳಿಗೂ ಹೇಳಲಿಲ್ಲ, ನಮ್ಮವರಿಗೂ ಹೇಳಿರಲಿಲ್ಲ.

ಅಂಗಡಿಯಿಂದ ಬರಿಗೈಯಲ್ಲಿ ಬಂದ ಮರುದಿನ, ಭಾನುವಾರ, ಎಂದಿನಂತೆ ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಒಲೆ ಆರಿಸಿ ಕೋಣೆಗೆ ಓಡಿದೆ. ಅವರು ಹಾಸಿಗೆಯ ಅಂಚಿನಲ್ಲಿ ಎದ್ದು ಕೂತಿದ್ದರು, ಎರಡೂ ಕೈ ಮೊಣಕಾಲ ಮೇಲೆ.

"ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತು," ಎಂದರು. "ಇವತ್ತು ಸ್ವಲ್ಪ ಹೊತ್ತಾಯ್ತು. ನೀನು ಕೂಗೋ ಮುಂಚೆ ದಿನಾ ನಾನೇ ನನ್ ಹೆಸ್ರು ಒಂದ್ಸಲ ಹೇಳ್ಕೊಂಡು ನೋಡ್ತೀನಿ, ಬರುತ್ತಾ ಅಂತ."

ನಾನು ಅವರ ಪಕ್ಕ ಕೂತೆ. ಇಷ್ಟು ವರ್ಷ ಈ ಮನೆಯಲ್ಲಿ ಪುಕ್ಕಲು ನಾನೊಬ್ಬಳೇ ಎಂದುಕೊಂಡಿದ್ದೆ. ಅವರು ನನ್ನ ಕೈ ತೆಗೆದುಕೊಂಡರು. "ನಾಳೆಯಿಂದ ಸ್ವಲ್ಪ ಬೇಗ ಕೂಗ್ತೀಯಾ?" ಎಂದರು.